ಕೆಮ್ಮಿನ ಗುಂಡಿ

ಬೆಳಗಿನಿಂದ ಅವನ ಬಾಯಲ್ಲಿ ಸವೆದ ನಾಣ್ಯ ಚೀಪಿದಂಥ ಒಂದು ರುಚಿ. ಮತ್ತೆ ಹಲ್ಲುಜ್ಜಿದ, ನಾಲಿಗೆ ಕೆರೆದ, ಉಪ್ಪುನೀರು ಮುಕ್ಕಳಿಸಿದ; ಹೋಗಲಿಲ್ಲ. ಬಚ್ಚಲಮನೆಯ ಕನ್ನಡಿಯೆದುರು ಬಾಯಿ ಅಗಲಿಸಿ ನೋಡಿಕೊಂಡ. ಹಳದಿಗಟ್ಟಿದ ಹಲ್ಲಿನ ಬುಡ, ಬಿಳಿಚಿದ ನಾಲಿಗೆ, ಒಳಗೆ ಜೋತಾಡುವ ಕಿರುನಾಲಿಗೆ. ಅರ್ಧ ನಾಡು ಕಿವಿಗೊಟ್ಟು ಕೇಳಿದ ಧ್ವನಿ ಈ ಬಿಲದಿಂದಲೇ ಹೊರಟದ್ದು ಎಂದು ಬೇರೆ ಯಾರಾದರೂ ಹೇಳಿದ್ದರೆ ಅವನೇ ನಂಬುತ್ತಿರಲಿಲ್ಲ. ಹೊರಗಿನಿಂದ ಹೆಂಡತಿ, ಕಿವಿ ಹೋದ ಮೇಲೆ ಬಂದಿರುವ ಏರಿಳಿತವಿಲ್ಲದ ಗಟ್ಟಿ ದನಿಯಲ್ಲಿ, "ರೀ, ಕಾರು ಬಂತು. ಕೋಟು ಇಸ್ತ್ರಿ ಮಾಡಿ ಕುರ್ಚಿ ಮೇಲೆ ಹಾಕಿದೀನಿ" ಎಂದಳು. "ಬಂದೆ" ಎಂದ. ಬಾಗಿಲು ಹಾಕಿಕೊಂಡು ಹೇಳಿದ್ದು ಅವಳಿಗೆ ಮುಟ್ಟುವುದಿಲ್ಲವೆಂಬುದು ಹೇಳಿದ ಮೇಲೆ ನೆನಪಾಯಿತು. ಬಾಗಿಲು ತೆರೆದು, ಮುಖ ತೋರಿಸಿ, ಇನ್ನೊಮ್ಮೆ ಹೇಳಿದ.

ಅವಳ ಕಿವಿ ಒಮ್ಮೆಗೇ ಹೋದದ್ದಲ್ಲ. ಮೊದಲು ಗುಬ್ಬಿಗಳು ಹೋದವು, ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಮೊಮ್ಮಕ್ಕಳು, ಕೊನೆಗೆ ಅವನು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತದೆ ಎಂದು ತೆಗೆದು ಅಲಮಾರಿಗೆ ಸೇರಿಸಿದಳು. ಈಗ ತುಟಿ ನೋಡಿ ಮಾತು ತಿಳಿಯುತ್ತಾಳೆ. ಬೇರೆಯವರದು ಅರ್ಧಂಬರ್ಧ; ಅವನದು ಮಾತ್ರ ಪೂರ್ತಿ. "ಎಲ್ಲರೂ ಮಾತನ್ನ ಅಗಿದು ಅಗಿದು ಉಗುಳ್ತಾರೆ. ಇವರ ತುಟಿ ಮಾತ್ರ ಅಚ್ಚು ಹಾಕಿದ ಹಾಗೆ" ಎಂದು ಬಂದವರೆದುರು ಹೇಳಿಕೊಳ್ಳುತ್ತಾಳೆ. ರೇಡಿಯೋದಲ್ಲಿ ಉದ್ಘೋಷಕನಾಗಿ ಸವೆಸಿದ ವರ್ಷಗಳು ತುಟಿಯನ್ನು ಹಾಗೆ ಪಳಗಿಸಿದ್ದವು. ಈಗ ಅದರಿಂದ ಒದಗುವ ಉಪಯೋಗ ಇದೊಂದೇ. ಜಗಳ ಜಾಸ್ತಿಯಾದರೆ ಅವಳು ಮುಖ ತಿರುಗಿಸಿಬಿಡುತ್ತಾಳೆ. ಅಲ್ಲಿಗೆ ಅವನು ಎಷ್ಟು ಕೂಗಿದರೂ ಗೋಡೆಗೆ ಹೇಳಿದ ಹಾಗೆ. ಆಮೇಲೆ ಅವನೇ ಹೋಗಿ ಭುಜದ ಮೇಲೆ ಬೆರಳಿಂದ ಮೆತ್ತಗೆ ತಟ್ಟಬೇಕು, ಅವಳು ತಿರುಗಬೇಕು. ಅಷ್ಟು ಹೊತ್ತಿಗೆ ಜಗಳ ಯಾತಕ್ಕೆಂಬುದೇ ಮರೆತುಹೋಗಿರುತ್ತದೆ. ಒಟ್ಟಿನಲ್ಲಿ ಕೆಟ್ಟ ಏರ್ಪಾಡೇನಲ್ಲ.

ಕಾರಿನಲ್ಲಿ ಅವಳು ಅವನ ಕೋಟಿನ ಭುಜದಿಂದ ಇಲ್ಲದ ಧೂಳು ಕೊಡವಿದಳು. ಮನುಷ್ಯರು ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟು ಇವತ್ತಿಗೆ ಐವತ್ತು ವರ್ಷ. ಆವತ್ತು ಬೆಳಿಗ್ಗೆ ಅದನ್ನು ರೇಡಿಯೋದಲ್ಲಿ ನಮ್ಮ ಜನಕ್ಕೆ ನಮ್ಮ ಮಾತಿನಲ್ಲಿ ಹೇಳಿದವನು ಅವನು. ದೂರದ ಕೇಂದ್ರದಿಂದ ಹೆಡ್‌ಫೋನಿಗೆ ಬರುತ್ತಿದ್ದ ಇಂಗ್ಲಿಷನ್ನು ಕೇಳುತ್ತ ಕೇಳುತ್ತಲೇ ಕನ್ನಡ ಮಾಡಿ ಹೇಳುತ್ತ, "ಈಗ ಅವನು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾನೆ" ಎನ್ನುವವರೆಗೆ ಬಂದು, ಇದ್ದಕ್ಕಿದ್ದಂತೆ ಸುಮ್ಮನಾದ. ರೇಡಿಯೋ ಕೆಟ್ಟಿತೆಂದು ಕೆಲವರು ಪೆಟ್ಟಿಗೆಯ ತಲೆಗೆ ತಟ್ಟಿದರಂತೆ. ಬೇಕಾದಷ್ಟು ಹೊತ್ತಾದ ಮೇಲೆ, ಒಡೆದ ದನಿಯಲ್ಲಿ, "ಇಳಿದರು" ಎಂದ. ಅಷ್ಟೇ. ಮರುದಿನ ಪತ್ರಿಕೆಗಳು ಆ ಮೌನವನ್ನು ಹಾಡಿ ಹೊಗಳಿದವು. ಮಾತಿನ ಕಸುಬಿನವನೊಬ್ಬ ಮಾತಿಗೆ ಮೀರಿದ್ದರ ಎದುರು ತಲೆಬಾಗಿದ ಗಳಿಗೆಯಂತೆ. ಅಂದಿನಿಂದ ಅವನ ಹೆಸರು ಮೌನಿ. ಮಾತಾಡಿ ಹೊಟ್ಟೆ ಹೊರೆದವನಿಗೆ ಸುಮ್ಮನಿದ್ದದ್ದಕ್ಕೆ ಸನ್ಮಾನ. ಶಾಲೆಗಳಲ್ಲಿ ಕರೆದರು, ಸಂಘಗಳಲ್ಲಿ ಕರೆದರು, ಶಾಲು ಹೊದಿಸಿದರು, ಪ್ರತಿ ಸಲವೂ ಕೊನೆಗೆ ಯಾರೋ ಒಬ್ಬರು ಎದ್ದು, "ಆ ಹೊತ್ತಲ್ಲಿ ನಿಮ್ಮ ಮನಸ್ಸಲ್ಲಿ ಏನಿತ್ತು ಸರ್?" ಎಂದು ಕೇಳಿದರು. ಅವನು ಪ್ರತಿ ಸಲವೂ ಕಣ್ಣುಮುಚ್ಚಿ ಮುಗುಳ್ನಕ್ಕ. ಮನಸ್ಸಲ್ಲಿ ಏನೂ ಇರಲಿಲ್ಲ. ಹೊಟ್ಟೆಯಲ್ಲಿ ಇತ್ತು. ಆ ಮಹಾಮೌನದುದ್ದಕ್ಕೂ ಅವನು ಮೇಜಿನ ಕೆಳಗಿನ ಕಸದ ಬುಟ್ಟಿಗೆ ತಲೆ ಹಾಕಿ ವಾಂತಿ ಮಾಡುತ್ತಿದ್ದ.

ಇದು ಗೊತ್ತಿದ್ದ ಇನ್ನಿಬ್ಬರು ಯಾವತ್ತೋ ತೀರಿಕೊಂಡರು. ಗೊತ್ತಾಗಬಾರದಿದ್ದವಳು ಪಕ್ಕದಲ್ಲಿ ಕೂತು, ಕಿಟಕಿಯಾಚೆ ದೊಡ್ಡ ಫಲಕದಲ್ಲಿ ಅವನ ಹಳೆಯ ಫೋಟೋ, ಕೆಳಗೆ "ಇಳಿದರು" ಎಂದು ಬರೆದಿರುವುದನ್ನು ಕಂಡು ಅವನ ಮೊಣಕೈ ತಿವಿಯುತ್ತಿದ್ದಳು. ಆವತ್ತು ಅವಳು ಹಾಸ್ಟೆಲಿನ ಮಂಚದ ಮೇಲೆ ಟ್ರಾನ್ಸಿಸ್ಟರನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೇಳುತ್ತಿದ್ದವಳು. ವಾರ ಕಳೆಯುವುದರೊಳಗೆ ಗೆಳತಿಯರನ್ನು ಕಟ್ಟಿಕೊಂಡು ರೇಡಿಯೋ ಕಚೇರಿಗೆ ಬಂದು, ಗೇಟಿನ ಹತ್ತಿರವೇ ಅವನನ್ನು ನಿಲ್ಲಿಸಿ, "ನೀವು ಮಾತು ನಿಲ್ಲಿಸಿದ್ರಲ್ಲ, ಆವಾಗ ನನಗೆ ಚಂದ್ರ ಕಾಣಿಸಿತು" ಎಂದಿದ್ದಳು. ಅಷ್ಟು ಚೆಂದದ ಹುಡುಗಿ ಅಷ್ಟು ಹತ್ತಿರ ನಿಂತು ಹೀಗೆ ಹೇಳಿದರೆ, ಇಲ್ಲ ತಾಯಿ, ಅದು ವಾಂತಿ ಎನ್ನಲು ಯಾವ ಗಂಡಸಿಗೆ ನಾಲಿಗೆ ಏಳುತ್ತದೆ? ಮದುವೆಯಾದ ಹೊಸತರಲ್ಲಿ ಒಮ್ಮೆ ಬಾಯಿ ತೆರೆದಿದ್ದ. "ಆವತ್ತು ನಿಜವಾಗಿ ಏನಾಯ್ತು ಅಂದ್ರೆ" ಎನ್ನುವಷ್ಟರಲ್ಲಿ ಅವಳು ಅಂಗೈಯಿಂದ ಅವನ ಬಾಯಿ ಮುಚ್ಚಿ, "ಬೇಡ, ಬಿಡಿಸಿ ಹೇಳ್ಬೇಡಿ" ಎಂದಳು. ಮುಚ್ಚಿದ್ದು ಮುಚ್ಚಿದ್ದೇ ಆಯಿತು. ಆಮೇಲೆ ಅವನು ಕಾಲಿನ ಉಗುರು ಕತ್ತರಿಸುತ್ತಿರಲಿ, ಸೀನುತ್ತಿರಲಿ, ಊಟವಾದ ಮೇಲೆ ತೇಗುತ್ತಿರಲಿ, ಅವಳು ಅದೇ ಕಣ್ಣಿನಿಂದ ನೋಡುತ್ತಿದ್ದಳು. ತನ್ನ ಹಿಂದೆ ಇನ್ನೊಬ್ಬ ಯಾವನೋ ನಿಂತಿರುವ ಹಾಗೆ, ಇವಳು ಅವನನ್ನೇ ನೋಡುತ್ತಿರುವ ಹಾಗೆ. ಬರಬರುತ್ತ ಆ ನೋಟ ಕಂಡರೇ ಅವನಿಗೆ ವಾಕರಿಕೆ ಬರತೊಡಗಿತು. ಆದರೂ ಅದು ಇಲ್ಲದೆ ಒಂದು ದಿನ ಕಳೆಯುವ ಶಕ್ತಿ ಅವನಲ್ಲಿರಲಿಲ್ಲ. ಅವಳಿಗೆ ತಿಳಿಯಬಾರದು ಎಂಬುದೊಂದೇ ಅವನು ಬದುಕಿನಲ್ಲಿ ಕಟ್ಟುನಿಟ್ಟಾಗಿ ಪಾಲಿಸಿದ ಶಿಸ್ತು.

ವಿಜ್ಞಾನ ಭವನದ ಅಂಗಳದಲ್ಲಿ ಥರ್ಮೋಕೋಲಿನ ಚಂದ್ರ ಬಿದ್ದುಕೊಂಡಿದ್ದ. ಮೇಲೆ ಸಿಮೆಂಟು ಎರಚಿದ್ದರು. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಉಡುಪಿನಲ್ಲಿ ಬೇಯುತ್ತಿದ್ದ ಮಕ್ಕಳು ಅದರ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಒಂದು ಕಡೆ ಚಂದ್ರನ ಹೊಟ್ಟೆ ಒಡೆದು ಬಿಳಿ ಹರಳುಗಳು ಗಾಳಿಗೆ ಹಾರಿ ಎಲ್ಲರ ತಲೆಗೂದಲಿಗೆ ಅಂಟಿಕೊಳ್ಳುತ್ತಿದ್ದವು. ಬೂದು ಬಣ್ಣದ ಕೇಕು ಒಂದಿತ್ತು, ಕುಳಿಗಳ ಸಮೇತ. ನೊಣಗಳು ಯಾರ ಭಾಷಣಕ್ಕೂ ಕಾಯದೆ ಅದರ ಮೇಲೆ ಇಳಿದಾಗಿತ್ತು. ಬಂದ ಬಂದವರಿಗೆಲ್ಲ ಒಂದೊಂದು ಪಿಂಗಾಣಿ ಕಪ್ಪು ಕೊಡುತ್ತಿದ್ದರು, ಕಪ್ಪಿನ ಮೇಲೆ "ಇಳಿದರು". ಅದನ್ನು ಹಿಡಿದು ಒಬ್ಬ ಕಾಫಿ ಹೀರುತ್ತಿದ್ದ. ತನ್ನ ಬಾಯಿಂದ ವಾಂತಿಯ ಹಿಂದೆಯೇ ಬಿದ್ದ ಶಬ್ದ ಈಗ ಇನ್ನೊಬ್ಬನ ತುಟಿಗೆ ತಾಗುತ್ತಿದೆ ಎನಿಸಿ ಅವನು ಮುಖ ಬೇರೆ ಕಡೆ ಮಾಡಿದ. ಭವನದ ಮುಖ್ಯಸ್ಥೆ, ಎಲ್ಲರೂ ಮೇಡಮ್ ಎನ್ನುತ್ತಿದ್ದ ಚುರುಕು ಹೆಂಗಸು, ಬಂದು ಅವನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದಳು.

"ಸರ್, ನಿಮ್ಮ ಸ್ಟುಡಿಯೋ ಹೇಗಿತ್ತೋ ಹಾಗೇ ಕಟ್ಟಿಸಿದೀವಿ. ಹೊರಗಡೆ ದೊಡ್ಡ ಪರದೆ ಇದೆ, ನಿಮ್ಮ ಮುಖ ಕ್ಲೋಸಪ್ಪಲ್ಲಿ ಬರುತ್ತೆ. ನೀವು ಪೂರ್ತಿ ಓದ್ಬೇಕಾಗಿಲ್ಲ, ಕೊನೇದಷ್ಟೇ. ಆದ್ರೆ ಆ ಮೌನ ಇದೆಯಲ್ಲ, ಅದು ಆವತ್ತಿನ ಹಾಗೇ ಬರ್ಬೇಕು. ಕಣ್ಣು ಒದ್ದೆಯಾದ್ರೆ ಇನ್ನೂ ಚೆನ್ನಾಗಿರುತ್ತೆ."

"ಆಗದಿದ್ರೆ?" ಎಂದ.

"ಗ್ಲಿಸರಿನ್ ಇಟ್ಟಿದೀವಿ ಸರ್, ತೊಂದರೆ ಇಲ್ಲ" ಎಂದಳು ಮೇಡಮ್, ನೆಗಡಿಗೆ ಮಾತ್ರೆ ಇದೆ ಎನ್ನುವಷ್ಟು ಸಹಜವಾಗಿ. ಹೆಂಡತಿ ಇಬ್ಬರ ತುಟಿಗಳನ್ನೂ ಬದಲಿಸಿ ಬದಲಿಸಿ ನೋಡುತ್ತಿದ್ದವಳು, "ಏನಂದ್ರು?" ಎಂದು ಅವನನ್ನು ಕೇಳಿದಳು. "ನೀನು ಮುಂದಿನ ಸಾಲಲ್ಲಿ ಕೂತ್ಕೋಬೇಕಂತೆ" ಎಂದ. ಅವಳ ಮುಖ ಅರಳಿತು. ಕರೆದುಕೊಂಡು ಹೋಗುತ್ತಿದ್ದವರ ಹಿಂದೆ ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು, ಅವನ ಕಾಲರು ಸರಿಮಾಡಿ ಮತ್ತೆ ಹೋದಳು.

ಸ್ಟುಡಿಯೋ ಹೇಗಿತ್ತೋ ಹಾಗೇನೂ ಇರಲಿಲ್ಲ. ಗೋಡೆಗೆ ತೂತುಗಳಿದ್ದ ಹಲಗೆ ಹೊಡೆದಿದ್ದರು, ಮೇಜಿಗೆ ಹಸಿರು ಬಟ್ಟೆ ಹಾಸಿದ್ದರು, ಅದೆಲ್ಲ ಸರಿ. ಆದರೆ ವಾಸನೆ ಬೇರೆ. ಇಲ್ಲಿ ಹೊಸ ಅಂಟಿನ ವಾಸನೆ. ಅಲ್ಲಿ ಇದ್ದದ್ದು ಬೆವರು, ಹಳೆಯ ಜಮಖಾನ, ಯಾರದೋ ಕಾಲುಚೀಲ. ಮಾತು ಪ್ರಸಾರವಾಗುವಾಗ ಫ್ಯಾನು ಹಾಕುವಂತಿರಲಿಲ್ಲ, ಸದ್ದು ಮೈಕಿಗೆ ಹೋಗುತ್ತದೆ. ಬಾಗಿಲು ಹಾಕಿದರೆ ಒಳಗಿನ ಗಾಳಿ ಒಳಗೇ. ಎದುರಿಗೆ ಮಾತ್ರ ಒಂದು ಗಾಜು, ಆಗ ಅದರಾಚೆ ಕಂಟ್ರೋಲ್ ರೂಮು, ಈಗ ಸಭಿಕರು. ಮೇಜಿನ ಬಲಗಡೆ ಮರದಲ್ಲಿ ಕೆತ್ತಿದ ಒಂದು ಗುಂಡಿ ಇಟ್ಟಿದ್ದರು. ಅದನ್ನು ಕಂಡ ಕೂಡಲೇ ಅವನ ಬಲಗೈ ತಾನಾಗಿ ಅಲ್ಲಿಗೆ ಹೋಯಿತು.

"ಇದೇನೂ ಕೆಲಸ ಮಾಡಲ್ಲ ಸರ್, ಸುಮ್ನೆ ನೋಡೋಕೆ" ಎಂದ ಧ್ವನಿಯ ಎಂಜಿನಿಯರ್, ಅವನ ಕೋಟಿಗೆ ಪುಟ್ಟ ಮೈಕು ಸಿಕ್ಕಿಸುತ್ತ. "ನೀವು ಒತ್ತಿ. ನಿಮ್ಮ ಮೈಕ್ ನಾನು ಹೊರಗಿಂದ ಕಟ್ ಮಾಡ್ತೀನಿ. ನೀವು ಒಳಗೆ ಕೆಮ್ಮಿ, ಸೀನಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ. ಆಚೆ ಪಿನ್ ಡ್ರಾಪ್ ಸೈಲೆನ್ಸ್."

ಕೆಮ್ಮಿನ ಗುಂಡಿ ಎಂದರೆ ಅಷ್ಟೇ. ಓದುತ್ತ ಓದುತ್ತ ಕೆಮ್ಮು ಬಂದರೆ ಒತ್ತಿ ಹಿಡಿಯಬೇಕು, ಹಿಡಿದಷ್ಟು ಹೊತ್ತು ಮೈಕು ಸತ್ತಿರುತ್ತದೆ. ಬಿಟ್ಟ ಕೂಡಲೇ ಜೀವ ಬರುತ್ತದೆ. ಆದರೆ ಅವರ ಕಸುಬಿನಲ್ಲಿ ಅದನ್ನು ಕೆಮ್ಮಿಗೆ ಬಳಸಿದವರು ಕಡಿಮೆ. ಮಂತ್ರಿಯ ಶೋಕಸಂದೇಶ ಓದುತ್ತ ನಡುವೆ ಗುಂಡಿ ಒತ್ತಿ, "ಹೋದ್ನಲ್ಲ, ಪೀಡೆ ತೊಲಗಿತು" ಎಂದು, ಗುಂಡಿ ಬಿಟ್ಟು, "ಅಪಾರ ಬಂಧುಬಳಗವನ್ನು ಅಗಲಿದ್ದಾರೆ" ಎಂದು ಮುಂದುವರಿಸಿದವರಿದ್ದರು. ಮಾವನನ್ನು, ಮೇಲಧಿಕಾರಿಯನ್ನು, ಕಾಲು ಕಚ್ಚುವ ಚಪ್ಪಲಿಯನ್ನು, ಎಲ್ಲರನ್ನೂ ಎಲ್ಲವನ್ನೂ ಗುಂಡಿ ಒತ್ತಿ ಬೈಯುವುದು ವಾಡಿಕೆ. ಬಾಯಿ ಅದರಿಂದ ಹಗುರಾಗುತ್ತದೆ, ಆಮೇಲಿನ ಮಾತಿಗೆ ತುಪ್ಪ ಸವರಿದ ಹಾಗಾಗುತ್ತದೆ ಎಂದು ಹಿರಿಯರೇ ಕಲಿಸಿಕೊಟ್ಟದ್ದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ಹೊರಗಿನವರ ಗಾದೆ. ಗುಂಡಿ ಒತ್ತಿ ಆಡಿದ್ದಕ್ಕೆ ಪಾಪವಿಲ್ಲ ಎನ್ನುವುದು ಅವರದು.

ದೀಪಗಳು ಹೊತ್ತಿಕೊಂಡವು. ಅವನ ಮೇಲೆ ಬಿದ್ದ ಬೆಳಕಿಗೆ ಎದುರಿನ ಗಾಜು ಕನ್ನಡಿಯಾಗಿಹೋಯಿತು. ಸಭಿಕರು, ಮೇಡಮ್ಮು, ಮುಂದಿನ ಸಾಲು, ಎಲ್ಲ ಅಳಿಸಿಹೋಗಿ ಗಾಜಿನ ತುಂಬ ಒಬ್ಬ ಮುದುಕ ಉಳಿದ. ಕಿವಿಯ ಮೇಲಿನ ಹೆಡ್‌ಫೋನಿನಲ್ಲಿ ಹಳೆಯ ಧ್ವನಿಮುದ್ರಣ ಶುರುವಾಯಿತು, ಕಾದ ಎಣ್ಣೆಗೆ ನೀರು ಬಿದ್ದ ಹಾಗೆ ಚಟಪಟ, ಅದರೊಳಗಿಂದ ಬಲು ದೂರದ ಮನುಷ್ಯರ ಮಾತು. ಅವನ ತುಟಿ ಹಾಳೆಯಲ್ಲಿದ್ದದ್ದನ್ನು ಓದತೊಡಗಿತು. ಧ್ವನಿ ಚೆನ್ನಾಗಿಯೇ ಬಂತು. "ನೌಕೆಯ ಬಾಗಿಲು ತೆರೆದಿದೆ. ಅವನು ಹಿಮ್ಮುಖವಾಗಿ ಹೊರಬರುತ್ತಿದ್ದಾನೆ." ಆವತ್ತು ಪಕ್ಕದ ಕುರ್ಚಿಯಲ್ಲಿ ಡ್ರಮ್ಮು ಕೂತಿದ್ದ. ಡ್ರಮ್ಮು ಎಂದರೆ ಆಗಿನ ಕೇಂದ್ರದ ದೊಡ್ಡ ಸಾಹೇಬ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಚರಿತ್ರೆ ನಡೆಯುವಾಗ ತಾನು ಅಲ್ಲಿರಬೇಕೆಂದು ಸ್ಟುಡಿಯೋದೊಳಗೇ ಕುರ್ಚಿ ಹಾಕಿಸಿಕೊಂಡು, ಬೆಳಿಗ್ಗೆಯೇ ಬೇಯಿಸಿದ ಮೊಟ್ಟೆ ತಿಂದು ಬಂದಿದ್ದ. ಹುಳುಕು ಹಲ್ಲಿಗೆ ಲವಂಗದೆಣ್ಣೆಯ ಹತ್ತಿ, ಮೂಗಿಗೆ ನಶ್ಯ, ಕೈಯಲ್ಲಿ ಆ ನಶ್ಯ ಒರೆಸಿ ಒರೆಸಿ ಕಂದಾಗಿದ್ದ ಕರವಸ್ತ್ರ. "ಮೆಟ್ಟಿಲ ಮೇಲೆ ಅವನ ಕಾಲು ಕಾಣಿಸುತ್ತಿದೆ." ಉದ್ಘೋಷಕ ನಸುಕಿನಲ್ಲಿ ಬರಿಹೊಟ್ಟೆಗೆ ಕುಡಿದ ಟೀ ಎದೆಯವರೆಗೆ ಬಂದು ನಿಂತಿತ್ತು. ಅಲ್ಲಿ ಆ ಮನುಷ್ಯನ ಸುತ್ತ ಗಾಳಿಯೇ ಇಲ್ಲ, ವಾಸನೆಯೇ ಇಲ್ಲ, ಎಂಥ ಪುಣ್ಯವಂತ ಎಂದುಕೊಂಡದ್ದು ಸ್ಪಷ್ಟವಾಗಿ ನೆನಪಿದೆ. "ಈಗ ಅವನು ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದಾನೆ." ಆಗ ಡ್ರಮ್ಮು ಬಾಗಿ, ಮೈಕಿಗೆ ಕೇಳಬಾರದೆಂದು ಅವನ ಮುಖಕ್ಕೇ ಮುಖವಿಟ್ಟು, ಹೆಡ್‌ಫೋನಿನ ಒಂದು ಕಿವಿ ಎತ್ತಿ ಪಿಸುಗುಟ್ಟಿದ: "ಅವನು ಕಾಲಿಟ್ಟ ತಕ್ಷಣ ನನ್ನ ಹೆಸರು ತಗೋ ಕಣಯ್ಯ. ಈ ಪ್ರಸಾರ ಏರ್ಪಡಿಸಿದವರು ಅಂತ." ಆ ಬಾಯಿ. ಮೊಟ್ಟೆ, ಲವಂಗ, ಹಲ್ಲಿನ ಕೀವು, ಮತ್ತು ಚಂದ್ರನ ಮೇಲೂ ತನ್ನ ಹೆಸರು ಕೆತ್ತಿಸಿಕೊಳ್ಳುವ ಆಸೆ, ಎಲ್ಲ ಒಂದೇ ಬಿಸಿ ಉಸಿರಾಗಿ ಮೂಗಿಗೆ ಹೊಡೆಯಿತು. ಅವನು ಗುಂಡಿ ಒತ್ತಿದ. ಬುಟ್ಟಿಗೆ ತಲೆ ಹಾಕಿದ. ಮನುಷ್ಯಕುಲ ಕಾದಿದ್ದ ವಾಕ್ಯ ಜಾರಿಬಿದ್ದ ಹೆಡ್‌ಫೋನಿನಲ್ಲಿ ಜಮಖಾನಕ್ಕೆ ಕೇಳಿಸಿತು, ಅವನಿಗೆ ಕೇಳಿಸಲಿಲ್ಲ. ಕೈಯಲ್ಲಿದ್ದ ಹಾಳೆಯಿಂದಲೇ ಬಾಯಿ ಒರೆಸಿಕೊಂಡು ತಲೆಯೆತ್ತಿದಾಗ, ಗಾಜಿನಾಚೆ ಕಂಟ್ರೋಲ್ ರೂಮಿನವನು ಗಾಬರಿಯಿಂದ ಎರಡು ಬೆರಳನ್ನು ಕಾಲಿನ ಹಾಗೆ ಮಾಡಿ ಕೆಳಕ್ಕೆ ಇಳಿಸಿ ತೋರಿಸುತ್ತಿದ್ದ. ಅದನ್ನು ನೋಡಿ, "ಇಳಿದರು" ಎಂದ.

ಈಗ ಕೈ ಮರದ ಗುಂಡಿಯ ಮೇಲಿತ್ತು. ಒತ್ತಿದ್ದ. ಗಾಜಿನಲ್ಲಿ ಮುದುಕ ಅವನನ್ನೇ ದಿಟ್ಟಿಸುತ್ತಿದ್ದ. ದೀಪ ಹೊತ್ತುವ ಮೊದಲು ಯಾರೋ ಬಂದು ಸವರಿದ್ದ ಗ್ಲಿಸರಿನ್ನಿನಿಂದ ಕಣ್ಣು ಉರಿದು ಮುದುಕನ ಕೆನ್ನೆಯ ಮೇಲೆ ನೀರು ಇಳಿಯಿತು. ಆ ಸುಳ್ಳು ನೀರನ್ನು ಕಂಡು ಅವನಿಗೆ ಮೈಯೆಲ್ಲ ಹೇಸಿತು. ಗುಂಡಿಯ ಮೇಲಿದ್ದ ಬೆರಳಿಗೆ ಹಳೆಯ ರೂಢಿ ನೆನಪಾಯಿತೋ, ನಾಲಿಗೆಗೆ ನೆನಪಾಯಿತೋ, ಅವನ ಬಾಯಿ ತಾನಾಗಿ ಬಿಚ್ಚಿಕೊಂಡಿತು.

"ಥೂ ನಿಮ್ಮ" ಎಂದ, ಗಾಜಿನಲ್ಲಿದ್ದ ಮುದುಕನಿಗೆ, ತನ್ನ ಅತ್ಯುತ್ತಮ ಉಚ್ಚಾರದಲ್ಲಿ. "ಇದೇ ನೋಡ್ರಯ್ಯ ನಿಮ್ಮ ಮಹಾಮೌನ. ವಾಂತಿ ಮಾಡ್ತಾ ಇದ್ದೆ ಕಣ್ರಯ್ಯ. ಬುಟ್ಟಿಯೊಳಗೆ. ಐವತ್ತು ವರ್ಷದಿಂದ ಅದನ್ನೇ ತಲೆ ಮೇಲೆ ಹೊತ್ಕೊಂಡು ಕುಣೀತಿದೀರ. ಅಲ್ಲಿ ಮುಂದೆ ಕೂತಿದಾಳಲ್ಲ ಒಬ್ಬಳು, ಪೆದ್ದಿ, ಆ ವಾಂತೀನೇ ಮೆಚ್ಚಿ ಮದುವೆ ಆದವಳು. ಚಂದ್ರ ಕಾಣಿಸಿದನಂತೆ ಚಂದ್ರ. ಅವಳು ಆ ಕಣ್ಣಲ್ಲಿ ನನ್ನ ನೋಡಿದ್ರೆ ನನಗೆ ಹೇಸಿಗೆ ಆಗುತ್ತೆ. ಇವತ್ತಿಗೂ. ಅವಳ ಕೈಯಿಂದ ಒಂದು ತುತ್ತು ತಿಂದ್ರೂ ಗಂಟಲಲ್ಲಿ ಇಳಿಯಲ್ಲ."

ಬಾಯಿ ಹಗುರಾಯಿತು. ನಾಣ್ಯದ ರುಚಿ ಕೂಡ ಹೋಯಿತು. ಗುಂಡಿ ಬಿಟ್ಟ. "ಇಳಿದರು" ಎಂದ; ತುಪ್ಪ ಸವರಿದ ಹಾಗೆ ಬಂತು.

ಚಪ್ಪಾಳೆಯ ಸದ್ದು ಹಲಗೆಯ ಗೋಡೆ ದಾಟಿ ಒಳಗೆ ಬಂತು. ಮೈಕು ನಿಜವಾಗಿ ಸತ್ತಿತ್ತೋ ಇಲ್ಲವೋ ಎಂಬ ಭಯ ಅವನಿಗೆ ಆಗ ಹುಟ್ಟಿತು. ಬಾಗಿಲು ತೆರೆದು ಬಂದ ಮೇಡಮ್ಮಳ ಕಣ್ಣುಗಳು ಕೆಂಪಾಗಿದ್ದವು. "ಸರ್, ನೀವು ಆ ಮೌನದಲ್ಲಿ ಏನೋ ಪ್ರಾರ್ಥನೆ ಹೇಳ್ಕೊಂಡ್ರಲ್ಲ, ತುಟಿ ಮಾತ್ರ ಅಲ್ಲಾಡ್ತಿತ್ತು, ಒಬ್ಬರು ಉಸಿರು ಬಿಟ್ಟಿದ್ರೆ ಕೇಳಿ. ಗ್ಲಿಸರಿನ್ ಬೇಕಾಗೇ ಇರಲಿಲ್ಲ." ಬದುಕಿದೆಯಾ ಬಡಜೀವವೇ ಎಂದುಕೊಂಡ. ದೀಪ ಆರಿದವು. ಗಾಜಿನಿಂದ ಮುದುಕ ಮಾಯವಾಗಿ ಅವನಿದ್ದ ಜಾಗದಲ್ಲಿ ಸಭಾಂಗಣ ಕಾಣಿಸಿತು, ಮುಂದಿನ ಸಾಲು ಕಾಣಿಸಿತು. ಎಲ್ಲರೂ ಎದ್ದು ನಿಂತು ಕೈ ತಟ್ಟುತ್ತಿದ್ದರು. ಒಬ್ಬಳು ಮಾತ್ರ ಕೂತಿದ್ದಳು. ತಲೆಯೆತ್ತಿ ಗೋಡೆಯಗಲದ ಪರದೆಯನ್ನು ನೋಡುತ್ತಿದ್ದಳು. ಅಲ್ಲಿ ಅವನ ಬಾಯಿ ಇನ್ನೂ ಇತ್ತು, ಒಂದೊಂದು ತುಟಿಯೂ ಮನುಷ್ಯನ ಮೈಯಷ್ಟು ಉದ್ದ, ಅಚ್ಚು ಹಾಕಿದ ಹಾಗೆ.

ಹಿಂದಿರುಗುವಾಗ ಕಾರಿನಲ್ಲಿ ಅವಳು ಮಡಿಲಲ್ಲಿ ಕಪ್ಪಿನ ಡಬ್ಬಿಯಿಟ್ಟುಕೊಂಡು ಕೂತಿದ್ದಳು. ಕೋಟಿನ ಧೂಳು ಕೊಡವಲಿಲ್ಲ. ಅವನು ಅವಳ ಮುಖ ನೋಡಲಾರದೆ ಅವಳ ಕೈ ನೋಡುತ್ತಿದ್ದ. ಹೆಬ್ಬೆರಳು ಡಬ್ಬಿಯ ಅಂಟುಪಟ್ಟಿಯ ಅಂಚನ್ನು ಎಬ್ಬಿಸುತ್ತಿತ್ತು, ಮತ್ತೆ ಒತ್ತಿ ಅಂಟಿಸುತ್ತಿತ್ತು. ದಾರಿ ಅರ್ಧ ಕಳೆದ ಮೇಲೆ, ಯಾವ ಏರಿಳಿತವೂ ಇಲ್ಲದ ಆ ಗಟ್ಟಿ ದನಿಯಲ್ಲಿ, ಡ್ರೈವರಿಗೂ ಕೇಳುವ ಹಾಗೆ, ಅವಳು ಮಾತಾಡಿದಳು.

"ವಾಂತಿ ಆದ್ರೆ ಆಗ್ಲಿ ರೀ. ಮನುಷ್ಯರಿಗೆ ಆಗುತ್ತೆ. ಹೇಳಿದ್ರೆ ನಾನೂ ನಗ್ತಿದ್ದೆ. ಮೂರು ಮಕ್ಕಳ ವಾಂತಿ ಬಾಚಿದೀನಿ, ನಿಮ್ಮದನ್ನೂ ಬಾಚಿದೀನಿ, ಆಪರೇಷನ್ ಆದಾಗ. ನನಗೆ ಒಂದು ದಿನಾನೂ ಹೇಸಿಗೆ ಆಗಲಿಲ್ಲ." ಅವನ ತುಟಿಗಳನ್ನು, ಕಣ್ಣುಗಳನ್ನಲ್ಲ, ತುಟಿಗಳನ್ನು ನೋಡುತ್ತ, "ನಿಮಗೆ ಆಗ್ತಿತ್ತು" ಎಂದಳು.

ಹಾಗೆಂದವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

ಅವನು ಮಾತಾಡತೊಡಗಿದ. ಹಾಗಲ್ಲ ಎಂದ. ಹೇಸಿಗೆ ನಿನ್ನ ಮೇಲಲ್ಲ, ನನ್ನ ಮೇಲೇ ಎಂದ. ಕಸುಬಿನ ಚಾಳಿ, ಗುಂಡಿ ಒತ್ತಿದರೆ ಬಾಯಿಗೆ ಬಂದದ್ದು ಬರುತ್ತದೆ, ಅದರಲ್ಲಿ ನಿಜ ಇರಬೇಕೆಂದೇನಿಲ್ಲ ಎಂದ. ನಿಜವೂ ಇತ್ತು ಎಂದ. ನೀನು ನೋಡದಿದ್ದರೆ ನಾನು ಯಾವತ್ತೋ ಇಲ್ಲವಾಗಿಬಿಡುತ್ತಿದ್ದೆ, ಅದಕ್ಕೇ ನಿನ್ನ ನೋಟ ಕಂಡರೆ ಭಯ, ಆ ಭಯಕ್ಕೇ ನಾನು ಹೇಸಿಗೆ ಎಂದು ಹೆಸರಿಟ್ಟುಕೊಂಡೆ ಎಂದ. ಇಷ್ಟು ವರ್ಷದಲ್ಲಿ ಅವನು ಇಷ್ಟು ನಿಜವನ್ನು ಒಟ್ಟಿಗೆ ಆಡಿದ್ದಿಲ್ಲ. ಒಂದೊಂದು ಅಕ್ಷರವೂ ತಿದ್ದಿದ ಹಾಗೆ, ಧ್ವನಿ ಎಲ್ಲಿ ಏರಬೇಕೋ ಅಲ್ಲಿ ಏರಿ, ಎಲ್ಲಿ ಒಡೆಯಬೇಕೋ ಅಲ್ಲಿ ಒಡೆದು ಬರುತ್ತಿತ್ತು. ಕಿಟಕಿಯಾಚೆ ಅಂಗಡಿಗಳು, ಬಸ್ಸಿಗೆ ಕಾದವರು, ಒಬ್ಬ ಪೇಂಟರು ಏಣಿಯ ಮೇಲಿಂದ ಹಿಮ್ಮುಖವಾಗಿ ಇಳಿಯುತ್ತಿದ್ದ. ಅವಳು ಅದನ್ನೆಲ್ಲ ಗಮನವಿಟ್ಟು ನೋಡುತ್ತಿದ್ದಳು. ಅವನು ತಟ್ಟಲೆಂದು ಕೈಯೆತ್ತಿದ. ಬೆರಳು ಅವಳ ಭುಜದ ಹತ್ತಿರ ಹೋಗಿ ಅಲ್ಲೇ ನಿಂತಿತು.

ಡ್ರೈವರು ಕನ್ನಡಿಯಲ್ಲಿ ನೋಡುತ್ತ ಗಂಟಲು ಸರಿಮಾಡಿಕೊಂಡ. "ಎಂಥ ಧ್ವನಿ ಸರ್ ನಿಮ್ದು" ಎಂದ. "ಸ್ವಲ್ಪಾನೂ ಹೋಗಿಲ್ಲ."